ಕೊಕ್ಕರೆಯ ತಲೆ ಕಿರಂಗೂರಲ್ಲಿ, ಕಾಲು ನಾಗಮಂಗಲದಲ್ಲಿ

ಯಾರ ಮನೆಯಲ್ಲಿ ಕಾಫಿ ಕೊಟ್ಟರೂ ನಾನು ಈಗ ಕಪ್ಪಿನ ತಳ ನೋಡುತ್ತೇನೆ. ಕುಡಿದಾದ ಮೇಲೆ ನೋಡಬೇಕು ಎಂಬ ಬುದ್ಧಿ ಬರುವ ಹೊತ್ತಿಗೆ ಎರಡು ಬಿಳಿ ಪಂಚೆ ಹಾಳಾಗಿದ್ದವು. ನಾನು ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಬರುವುದಿಲ್ಲ. ಆದರೆ ಇಂಗ್ಲಿಷಿನಲ್ಲಿ ಜಪಾನ್ ಎಂದು ಬರೆದರೆ ಎಲ್ಲಿದ್ದರೂ ಹಿಡಿಯುತ್ತೇನೆ. ಐದು ಅಕ್ಷರ. ಮೊದಲನೆಯದು ಮೀನಿನ ಗಾಳದ ಹಾಗೆ, ಎರಡನೆಯದೂ ನಾಲ್ಕನೆಯದೂ ಅವಳಿ ಜವಳಿ. ಎತ್ತಿನ ಸುಳಿ ನೋಡಿ ಗುರುತು ಹಿಡಿಯುವವನಿಗೆ ಇದೇನು ಮಹಾ!

ಈ ಹುಚ್ಚು ಹಿಡಿಸಿದವಳು ನನ್ನ ಮೊಮ್ಮಗಳು, ನನ್ನ ಮಗನ ಮಗಳು. ಹದಿನೆಂಟು ತುಂಬಿದೆ, ನಮ್ಮ ಕಿರಂಗೂರಿನಿಂದ ಪಾಂಡವಪುರದ ಕಾಲೇಜಿಗೆ ಹೋಗುತ್ತಾಳೆ. ಅವಳಂಥವಳು ಜಿಲ್ಲೆಯಲ್ಲಿ ಇನ್ನೊಬ್ಬಳಿಲ್ಲ. ಇದು ನಾನು ತಾತನಾಗಿ ಹೇಳುತ್ತಿರುವ ಮಾತಲ್ಲ, ನೋಡಿ ಹೇಳುತ್ತಿರುವ ಮಾತು. ಒಂದು ದಿನ ಮಜ್ಜಿಗೆ ಮಡಕೆಯ ಮೇಲೆ ನನ್ನ ಹೆಂಡತಿ ಮುಚ್ಚಿದ್ದ ಪಿಂಗಾಣಿ ಮುಚ್ಚಳವನ್ನು ತೆಗೆದು, ಫೋನಿನಲ್ಲಿ ಫೋಟೋ ಹಿಡಿದು, ಏನೇನೋ ತೀಡಿ ನೋಡಿ ಕೂಗಿಕೊಂಡಳು.

"ತಾತಾ, ಇದು ಜಪಾನಿಂದು! ಎಷ್ಟು ಹಳೇದು ಗೊತ್ತಾ?"

"ನಮ್ಮಪ್ಪ ಮೈಸೂರು ದಸರಾಕ್ಕೆ ಹೋದಾಗ ತಂದಿದ್ದು ಕಣವ್ವ. ಮಜ್ಜಿಗೇಗೆ ಸರಿಯಾಗಿ ಕೂರ್ತದೆ."

"ಮಜ್ಜಿಗೇಗಾ!" ಎಂದು ಅವಳು ತಲೆಯ ಮೇಲೆ ಕೈಯಿಟ್ಟುಕೊಂಡ ರೀತಿಗೆ, ನಾನೇನೋ ದೇವರ ಕಿರೀಟದಲ್ಲಿ ರಾಗಿ ಅಳೆದೆನೇನೋ ಎನ್ನಿಸಿತು.

ಅಲ್ಲಿಂದ ಶುರು. ಕೃಷ್ಣರಾಜಪೇಟೆಯ ಗುಜರಿ ಅಂಗಡಿಯಲ್ಲಿ ನಮಗೆ ಐದು ಕಪ್ಪು ಸಿಕ್ಕವು. ಮೊಟ್ಟೆಯ ಸಿಪ್ಪೆಯಷ್ಟು ತೆಳು, ಅಂಚಿಗೆ ಚಿನ್ನದ ಗೆರೆ. ಬಿಸಿಲಿಗೆ ಹಿಡಿದರೆ ತಳದಲ್ಲಿ ಒಬ್ಬಳು ಜಪಾನಿನ ಹೆಂಗಸಿನ ಮುಖ ಮೂಡುತ್ತದೆ. ನಾನು ಜಗಲಿಯ ಮೇಲೆ ಕೂತು ಒಂದೊಂದನ್ನೇ ಸೂರ್ಯನಿಗೆ ಹಿಡಿದು ನೋಡುತ್ತಿದ್ದರೆ, ನನ್ನ ಹೆಂಡತಿ ಬೀದಿಗೆ ಕೇಳುವ ಹಾಗೆ ಹೇಳಿದಳು.

"ನೋಡ್ರಪ್ಪಾ, ಎಪ್ಪತ್ತು ದಾಟ್ದೋರು! ಕಪ್ಪೊಳ್ಗೆ ಇಣುಕಿ ಎಂಗಸ್ರ ಮಕ ನೋಡ್ತಾ ಕುಂತವ್ರೆ!"

ಮಾರನೆಯ ದಿನ ನಾನು ಗದ್ದೆಗೆ ಹೋಗಿ ಬರುವಷ್ಟರಲ್ಲಿ ಅವಳು ಐದೂ ಕಪ್ಪನ್ನು ಹುಣಸೆಹಣ್ಣು, ಬೂದಿ ಹಾಕಿ ಹಿತ್ತಾಳೆ ಚೊಂಬಿನ ಹಾಗೆ ತಿಕ್ಕಿ ಬೋರಲು ಹಾಕಿದ್ದಳು. ಚಿನ್ನದ ಗೆರೆ ಅಳಿಸಿ ಹರೋಹರ ಎಂದಿತ್ತು. ಹೊಟ್ಟೆಕಿಚ್ಚೋ, ಅಕ್ಕರೆಯೋ, ಇವತ್ತಿಗೂ ಗೊತ್ತಿಲ್ಲ. "ಎಷ್ಟ್ ಕಿಲುಬು ಹಿಡ್ದಿತ್ತು, ಹಳದಿ ಹಳದಿ" ಎಂದಳು. ಮೊಮ್ಮಗಳು ಅತ್ತು, ಆಮೇಲೆ ನಕ್ಕು, ಆಮೇಲೆ ಅಜ್ಜಿಯ ಕೈಗೆ ಮೆತ್ತನೆಯ ಬಟ್ಟೆಯೊಂದನ್ನು ಕೊಟ್ಟಳು.

ತೊಣ್ಣೂರಿನಲ್ಲಿ ಒಬ್ಬರ ತುಳಸಿಕಟ್ಟೆಗೆ ಜಪಾನಿನ ಹೂವಿನ ಪಿಂಗಾಣಿ ಬಿಲ್ಲೆ ಮೆತ್ತಿದ್ದಾರೆ ಎಂದು ಕೇಳಿ ಅಲ್ಲಿಗೂ ಹೋದೆವು. ನಾನು ಕಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೂವಿನ ಬಣ್ಣ ನೋಡುತ್ತಾ ಮೈಮರೆತೆ. ಆ ಮನೆಯಮ್ಮ ನನ್ನ ಭಕ್ತಿಗೆ ಮೆಚ್ಚಿ ತೀರ್ಥ ಕೊಟ್ಟು, ಊಟಕ್ಕೂ ಏಳಿಸಿದಳು. ಬಿಲ್ಲೆಯ ಮಾತು ಬಾಯಿಗೆ ಬರಲಿಲ್ಲ. ಉಂಡು ಬಂದೆವು.

ಹೀಗಿರುವಾಗ ಕಾಲೇಜಿನಲ್ಲಿ ಹಳೆಯ ಸಾಮಾನಿನ ಪ್ರದರ್ಶನ ಇಟ್ಟರು. ಮೊಮ್ಮಗಳಿಗೆ ಒಂದು ಮೇಜು. ಅವಳು ಒಂದು ವಾರ ನಿದ್ದೆಗೆಟ್ಟು ಪಟ್ಟಿ ಮಾಡಿ, ಕೊನೆಗೆ ಆ ಮುಚ್ಚಳ ಹಿಡಿದುಕೊಂಡು ನನ್ನ ಪಕ್ಕ ಕೂತಳು.

"ತಾತ, ಇದ್ರ ಬೋಗುಣಿ ಎಲ್ಲಿ? ಬರೀ ಮುಚ್ಚಳ ಇಟ್ರೆ ಎಲ್ಲಾ ನಗ್ತಾರೆ."

ಮುಚ್ಚಳದ ಮೇಲೆ ನೀಲಿ ಬಣ್ಣದಲ್ಲಿ ಒಂದು ಕೊಕ್ಕರೆಯ ತಲೆ, ಕತ್ತು. ನಮ್ಮ ಕಾವೇರಿಯ ಕೊಕ್ಕರೆಯೇ ಎಂದು ಬಹಳ ವರ್ಷ ನಂಬಿದ್ದೆ. ಅದರ ಮೈ, ಕಾಲು, ನಿಂತ ನೀರು ಎಲ್ಲ ಬೋಗುಣಿಯ ಮೇಲಿದೆ. ಮುಚ್ಚಿದರೆ ಹಕ್ಕಿ ಪೂರಾ ಆಗುತ್ತದೆ. ಬೋಗುಣಿ ಇದ್ದದ್ದು ನಾಗಮಂಗಲದಲ್ಲಿ, ಬೀಗಿತ್ತಿಯ ಮನೆಯಲ್ಲಿ. ಎಂದರೆ ನನ್ನ ಸೊಸೆಯ ತಾಯಿಯ ಮನೆಯಲ್ಲಿ. ಈ ಮೊಮ್ಮಗಳು ಹುಟ್ಟಿದ್ದೇ ಅಲ್ಲಿ. ಸುದ್ದಿ ಬಂದ ದಿನ ನನ್ನ ಹೆಂಡತಿ ಕಜ್ಜಾಯ ಸುಟ್ಟು ಆ ಬೋಗುಣಿಗೆ ತುಂಬಿದಳು. ಸಂತೋಷಕ್ಕೆ ಅಳತೆ ಎಲ್ಲಿ? ಗೋಪುರ ಕಟ್ಟಿದಳು. ಮುಚ್ಚಳ ಕೂರಲಿಲ್ಲ. ಮೇಲೆ ಒಂದು ಬಟ್ಟೆ ಕಟ್ಟಿ ಕಳಿಸಿದೆವು. ಮುಚ್ಚಳ ಇಲ್ಲೇ ಉಳಿಯಿತು. ಬೋಗುಣಿ ತಿರುಗಿ ಬರಲೇ ಇಲ್ಲ.

ತರಿಸಿಕೊಡುತ್ತೇನೆ ಎಂದು ಮಾತು ಕೊಟ್ಟುಬಿಟ್ಟೆ. ಕೊಟ್ಟ ಮೇಲೆ ಬೆವರಿದೆ. ನಮ್ಮ ಕಡೆ ಬೀಗರ ಮನೆಗೆ ಹೋದ ಪಾತ್ರೆಯನ್ನು ಬಾಯಿಬಿಟ್ಟು ಕೇಳುವುದೆಂದರೆ ನಿಮ್ಮ ಸಂಬಂಧ ಸಾಕು ಎಂದ ಹಾಗೆ. ಅವರಾಗಿ ಏನಾದರೂ ತುಂಬಿ ಕಳಿಸಬೇಕು, ಅಷ್ಟೇ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಸ್ಟೀಲ್ ಡಬ್ಬಿಯಲ್ಲಿ ಬೆಲ್ಲ ಕಳಿಸಿದೆ. ಮೂರು ದಿನಕ್ಕೆ ಅದೇ ಡಬ್ಬಿಯಲ್ಲಿ ಹುರುಳಿಕಾಳು ಬಂತು. ಅವರೆಕಾಳು ಕಳಿಸಿದೆ, ಅದೇ ಡಬ್ಬಿಯಲ್ಲಿ ಚಕ್ಕುಲಿ. ಡಬ್ಬಿಯೇ ಇಲ್ಲದ ಹಾಗೆ ಬಾಳೆ ಎಲೆಯಲ್ಲಿ ಕಟ್ಟಿ ಹಸಿ ಕಡಲೆಕಾಯಿ ಕಳಿಸಿದೆ, ಈಗ ಬೋಗುಣಿಯಲ್ಲದೆ ಇನ್ಯಾವುದರಲ್ಲಿ ಕಳಿಸುತ್ತಾಳೆ ಎಂದು. ಆಕೆಯೂ ಬಾಳೆ ಎಲೆಯಲ್ಲೇ ಕಟ್ಟಿ ಹುಣಸೆಹಣ್ಣು ಕಳಿಸಿದಳು! ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿಯಿತು.

ಕೊನೆಗೆ ಮೊಮ್ಮಗಳನ್ನು ಕರೆದುಕೊಂಡು ನಾನೇ ಬಸ್ಸು ಹತ್ತಿದೆ.

"ಏನ್ ಬೀಗ್ರೇ, ಬಸ್ಸಲ್ಲಿ ನಿದ್ದೆಗಿದ್ದೆ ಮಾಡ್ಬುಟ್ಟು ಇಲ್ಲಿಗಂಟ ಬಂದ್ಬುಟ್ರಾ?" ಎಂದು ಬೀಗಿತ್ತಿ ಬಾಗಿಲಲ್ಲೇ ಶುರುಮಾಡಿದಳು. ಮೊಮ್ಮಗಳನ್ನು ಮಾತ್ರ ತಬ್ಬಿ ಒಳಗೆ ಕರೆದುಕೊಂಡಳು. ಕರೆಯದಿದ್ದರೂ ನಾನು ಹಿಂದೆ ಹೋದೆ.

ಊಟಕ್ಕೆ ಕೂರಿಸಿದಳು. ಮುದ್ದೆ, ಬಸ್ಸಾರು. ಮಾತಿಗೆ ಏನಾದರೂ ಸಿಗಲಿ ಎಂದು ನಾನು, "ಸಾರಿಗೆ ಉಪ್ಪು ಒಂಚೂರು ಕಮ್ಮಿ ಏನೋ" ಎಂದೆ. ಅಷ್ಟೇ ಸಾಕಾಯಿತು. ಬೀಗಿತ್ತಿ ಅಡುಗೆಮನೆಗೆ ಹೋದವಳು ಉಪ್ಪಿನ ಪಾತ್ರೆಯನ್ನೇ ತಂದು ನನ್ನ ಮುಂದೆ ನೆಲಕ್ಕೆ ದಢ್ ಎಂದು ಇಟ್ಟಳು.

"ತಕ್ಕಳಿ. ಬೇಕಾದಷ್ಟು ಸುರ್ಕಳಿ. ನಿಮ್ಮನೇಲಿ ಸಮುದ್ರದ ನೀರಲ್ಲೇ ಅಡ್ಗೆ ಏನೋ!"

ನಾನು ನೋಡಿದೆ. ನೀಲಿ ನೀರು. ಅದರಲ್ಲಿ ಎರಡು ಉದ್ದ ಕಾಲು. ಮೊಮ್ಮಗಳು ನನ್ನ ತೊಡೆ ಚಿವುಟಿದಳು. ದಢ್ ಎಂದ ಸದ್ದಿಗೆ ಅವಳ ಜೀವ ಅರ್ಧ ಹೋಗಿತ್ತು.

"ಬೀಗ್ತೀರೇ, ಈ ಬೋಗುಣಿ..." ಎಂದೆ.

"ನಿಮ್ದೇ. ಅದ್ನೆಂಟು ವರ್ಸದಿಂದ ನಿಮ್ದೇ. ಇಲ್ಲ ಅಂದೋರ್ಯಾರು? ಮುಚ್ಳ ಎಲ್ಲಿ?"

"ಮುಚ್ಳ ನಮ್ಮನೇಲಿ ಅದೆ."

"ನಿಮ್ಮನೇಲದಾ!" ಬೀಗಿತ್ತಿ ಸೆರಗು ಸಿಕ್ಕಿಸಿದಳು. "ಕೂಸುಟ್ಟಿದ್ ಮೂರ್ನೇ ದಿನಕ್ಕೇ ಕೊಬ್ರಿ ಮಿಠಾಯಿ ಮಾಡಿ ಇದ್ರ ತುಂಬ ತುಂಬಿದ್ದೆ. ಮುಚ್ಳ ಇಲ್ದೆ ಬಸ್ಸಲ್ಲಿ ಎಂಗೆ ಕಳಿಸ್ಲಿ? ಇವತ್ ಕಳಿಸ್ತಾರೆ, ನಾಳೆ ಕಳಿಸ್ತಾರೆ ಅಂತ ಕಾದೆ. ಕೇಳಾನ ಅಂದ್ರೆ ಬೀಗ್ರು ಏನ್ ತಿಳ್ಕತಾರೋ! ಮಿಠಾಯಿ ಬಾಣಂತಿ ತಿಂದ್ಬುಟ್ಲು. ಬರಿ ಪಾತ್ರೆ ಮಡಗ್ಬಾರ್ದು ಅಂತ ಉಪ್ಪಾಕ್ದೆ."

ನಾವು ಬೋಗುಣಿ ಬರಲಿ ಎಂದು ಕಾದಿದ್ದೆವು, ಆಕೆ ಮುಚ್ಚಳ ಬರಲಿ ಎಂದು ಕಾದಿದ್ದಳು. ಇಬ್ಬರೂ ಮರ್ಯಾದಸ್ಥರು. ಮರ್ಯಾದೆಗೆ ಹದಿನೆಂಟು ವರ್ಷ ಹಿಡಿಯಿತು.

"ಅಂಗಾದ್ರೆ ಈಗ ತಕ್ಕೊಂಡೋಗ್ಲಾ?" ಎಂದೆ.

"ಅದೆಂಗಾದದು? ಉಪ್ಪಿನ ಪಾತ್ರೆ ಬರಿದು ಮಾಡೋಕಿಲ್ಲ, ಲಕ್ಷ್ಮಿ ಒಂಟೋಯ್ತಾಳೆ. ಉಪ್ಪಿನ್ ಸಮೇತ ಕೊಡಾನ ಅಂದ್ರೆ, ಉಪ್ಪು ಕೈಯಿಂದ ಕೈಗೆ ಕೊಟ್ರೆ ಜಗ್ಳ ಆಯ್ತದೆ."

"ಈಗ ಆಯ್ತಿರೋದೇನ್ ಮತ್ತೆ?"

"ಇದು ಮಾತುಕತೆ ಕಣ್ರೀ. ಜಗ್ಳ ಆದ್ರೆ ನಿಮ್ಗೇ ಗೊತ್ತಾಯ್ತದೆ."

ನನಗೆ ದಾರಿ ಕಾಣಲಿಲ್ಲ. ಮೊಮ್ಮಗಳ ಮೇಜು ಕಣ್ಣ ಮುಂದೆ ಬಂತು, ಅದರ ಮೇಲೆ ಒಂಟಿ ಮುಚ್ಚಳ, ಸುತ್ತ ನಗುವ ಹುಡುಗಿಯರು. ಆಗ ಮೊಮ್ಮಗಳು ಕೈ ತೊಳೆದುಕೊಂಡು ಬಂದು ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ಯಾರ ಕೈಗೂ ಕೊಡ್ಬೇಡ, ಬರಿದೂ ಮಾಡ್ಬೇಡ. ನೀನೇ ಎತ್ಕೊಂಡ್ ಬಾ ಅಜ್ಜಿ. ನನ್ನ ಮೇಜಿನತ್ರ ನೀನೂ ಕೂತ್ಕೊ."

"ನಾನಾ? ಕಾಲೇಜ್ಗಾ?" ಎಂದಳು ಬೀಗಿತ್ತಿ. ಬೇಡ ಎಂದದ್ದಲ್ಲ ಅದು. ಯಾವ ಸೀರೆ ಎಂದು ಯೋಚಿಸಿದ ದನಿ.

ಪ್ರದರ್ಶನದ ದಿನ ಬೆಳಿಗ್ಗೆ ಪಾಂಡವಪುರದ ಬಸ್ ನಿಲ್ದಾಣದಲ್ಲಿ ಬೀಗಿತ್ತಿ ಇಳಿದಳು. ರೇಷ್ಮೆ ಸೀರೆ. ಹಸುಗೂಸನ್ನು ಹಿಡಿದ ಹಾಗೆ ಟವಲಿನಲ್ಲಿ ಸುತ್ತಿದ ಬೋಗುಣಿ. ಕಂಡಕ್ಟರು ಮಗು ಎಂದೇ ತಿಳಿದು ದಾರಿಯುದ್ದಕ್ಕೂ ಜನರನ್ನು ಸರಿಸಿದನಂತೆ. ಆಕೆ ಯಾರ ಕೈಗೂ ಕೊಡದೆ ತಾನೇ ಹೋಗಿ ಮೇಜಿನ ನಡುವೆ ಇಟ್ಟಳು. ನಾನು ಮುಚ್ಚಳ ಇಟ್ಟೆ. ಸ್ವಲ್ಪ ತಿರುಗಿಸಿದೆ. ಟಕ್ ಎಂದಿತು. ಕತ್ತು ಬಂದು ಮೈಗೆ ಸೇರಿ, ಕೊಕ್ಕರೆ ನೀರಿನಲ್ಲಿ ನೆಟ್ಟಗೆ ನಿಂತಿತು. ನನ್ನ ಮೊಮ್ಮಗಳ ಮುಖ ನೋಡಬೇಕಿತ್ತು ನೀವು!

ಒಬ್ಬರು ಮೇಷ್ಟ್ರು ಬಂದು ಮುಚ್ಚಳ ಎತ್ತಿದರು.

"ಇದೇನಮ್ಮ ಒಳಗೆ, ಜಪಾನಿನ ಉಪ್ಪಾ?"

"ನಾಗಮಂಗ್ಲದ ಅಂಗ್ಡಿದು. ಕೈ ತಗೀರಿ ಸಾ" ಎಂದಳು ಬೀಗಿತ್ತಿ.

ಆಮೇಲೆ ಆ ಮೇಜಿನ ಹತ್ತಿರ ಬೇಡವೆಂದರೂ ಗುಂಪು. ಮುಂದೆ ಇಟ್ಟಿದ್ದ ಚೀಟಿಯಲ್ಲಿ 'ಯಾರದು' ಎಂಬಲ್ಲಿ ಮೊಮ್ಮಗಳು ತನ್ನ ಹೆಸರನ್ನೇ ಬರೆದುಕೊಂಡಿದ್ದಳು. ನಾನೂ ಬೀಗಿತ್ತಿಯೂ ಒಂದೇ ಸಲ ಓದಿದೆವು.

"ನೋಡಿದ್ರಾ ನಿಮ್ ವಂಶದ ಬುದ್ಧಿ?" ಎಂದಳು.

"ನೋಡ್ದೆ. ಅವ್ಳು ಉಟ್ಟಿದ್ದು ನಿಮ್ಮನೇಲೆಯ" ಎಂದೆ.

ಸಂಜೆ ಎಲ್ಲರೂ ಕಿರಂಗೂರಿಗೆ ಬಂದೆವು. ಬೀಗಿತ್ತಿ ತಾನೇ ಉಪ್ಪನ್ನು ನಮ್ಮ ಉಪ್ಪಿನ ಜಾಡಿಗೆ ಸುರಿದಳು. ಕೈಯಿಂದ ಕೈಗೆ ಹೋಗಲಿಲ್ಲ, ಜಗಳವಾಗಲಿಲ್ಲ. ಬರಿದಾದದ್ದು ಕೂಸಿನ ಮನೆಯಲ್ಲೇ ಆದ್ದರಿಂದ ಲಕ್ಷ್ಮಿಯೂ ಹೊರಟುಹೋಗಲಿಲ್ಲ. ಬೋಗುಣಿ ಇನ್ನು ಎಲ್ಲಿರಬೇಕು ಎಂಬ ಮಾತು ಬಂತು. "ಬೋಗುಣಿ, ಮುಚ್ಳ ಎರ್ಡೂ ನೀವೇ ತಕ್ಕೊಂಡೋಗಿ, ನಮ್ ಕೂಸು ಅಲ್ಲಿಗೆ ಬಂದಾಗ ನೋಡ್ಕತಾಳೆ" ಎಂದು ಹೇಳಿದವಳು ನನ್ನ ಹೆಂಡತಿ. ಅವಳು ಅಷ್ಟು ದೊಡ್ಡ ಮನಸ್ಸು ಮಾಡಿದ್ದು ಕಂಡು ನಾನೂ ಹೂಂ ಎಂದೆ.

ಆದರೆ ಬರಿದಾಗಿ ಕಳಿಸುವುದುಂಟೆ? ಬೆಳಿಗ್ಗೆ ಎದ್ದು ನೋಡಿದರೆ ಬಾಣಲೆ ಒಲೆಯ ಮೇಲಿತ್ತು. ನನ್ನ ಹೆಂಡತಿ ಬೋಗುಣಿಗೆ ಕಜ್ಜಾಯ ತುಂಬುತ್ತಿದ್ದಳು, ಒಂದರ ಮೇಲೊಂದು, ಗೋಪುರ. ಮೊಮ್ಮಗಳು ಮುಚ್ಚಳ ತಂದು ಇಟ್ಟು ನೋಡಿದಳು. ಒತ್ತಿ ನೋಡಿದಳು. ತಿರುಗಿಸಿ ನೋಡಿದಳು. ಕೊಕ್ಕರೆಯ ತಲೆ ಕಜ್ಜಾಯದ ಮೇಲೆ ಅಲ್ಲಾಡುತ್ತಿತ್ತು.

ಮೇಲಿನ ಒಂದು ಕಜ್ಜಾಯ ತೆಗೆದಿದ್ದರೆ ಮುಚ್ಚಳ ಕೂರುತ್ತಿತ್ತು. ನಾವು ನಾಲ್ವರೂ ನೋಡುತ್ತಾ ನಿಂತಿದ್ದೆವು. ಯಾರೂ ತೆಗೆಯಲಿಲ್ಲ. ಬೀಗಿತ್ತಿ ಮೆಲ್ಲಗೆ ಟವಲು ಬಿಚ್ಚಿ ಮೇಲೆ ಕಟ್ಟಿದಳು.