ಹಳೆಯ ವಿದ್ಯಾರ್ಥಿಗಳ ಪುಸ್ತಕದಲ್ಲಿ ಅವಳ ಹೆಸರು

ನಲವತ್ತು ದಾಟಿದವರನ್ನು "ನೀವೀಗ ಏನು ಮಾಡಿಕೊಂಡಿದ್ದೀರಿ?" ಎಂದು ಕೇಳಬಾರದು. ಕೇಳಿದರೆ ಒಂದೋ ಸುಳ್ಳು ಹೇಳುತ್ತಾರೆ, ಇಲ್ಲವೇ ನಿಜ ಹೇಳಿ ನಮ್ಮ ನಿದ್ದೆ ಕೆಡಿಸುತ್ತಾರೆ. ಇದು ಚೆನ್ನಾಗಿ ಗೊತ್ತಿದ್ದೂ ಹದಿಮೂರು ಜನರಿಗೆ ಆ ಪ್ರಶ್ನೆ ಕೇಳುವ ಕೆಲಸ ಕಳೆದ ವರ್ಷ ನನ್ನ ತಲೆಗೆ ಬಂತು.

ನಾವು ಘಟ್ಟದ ಮೇಲಿನ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮಾಡಿದವರು. ನನ್ನನ್ನೂ ಸೇರಿಸಿ ಹದಿನಾಲ್ಕು ಮಂದಿಯ ಬ್ಯಾಚು. ವಿಭಾಗದ ಈಗಿನ ಮುಖ್ಯಸ್ಥರು ಒಂದು ಮಧ್ಯಾಹ್ನ ಫೋನು ಮಾಡಿದರು. ಪರಿಶೀಲನೆಗೆ ಮೇಲಿನಿಂದ ತಂಡ ಬರುವುದಿದೆ, ಹಳೆಯ ವಿದ್ಯಾರ್ಥಿಗಳು ಎಲ್ಲೆಲ್ಲಿ ಏನೇನಾಗಿದ್ದಾರೆ ಎಂದು ಒಂದು ಪುಸ್ತಕ ಅಚ್ಚು ಹಾಕಿಸಬೇಕು, ಬ್ಯಾಚಿಗೊಬ್ಬರು ಮಾಹಿತಿ ಕೂಡಿಸಿ ಕೊಡಬೇಕು ಎಂದರು. "ನೀವು ಕಾಲೇಜಿನಲ್ಲೇ ಇದ್ದೀರಲ್ಲಮ್ಮ, ನಿಮಗೆ ಇದೆಲ್ಲ ರೂಢಿ" ಎಂದೂ ಸೇರಿಸಿದರು.

ಕಾಲೇಜಿನಲ್ಲೇ ಇದ್ದೇನೆ, ನಿಜ. ಹದಿನಾರು ವರ್ಷದಿಂದ ಕಾರವಾರದಲ್ಲಿ ಅತಿಥಿ ಉಪನ್ಯಾಸಕಿ. ಮನೆಗೆ ಬಂದ ಅತಿಥಿ ಹದಿನಾರು ವರ್ಷ ಉಳಿದರೆ ಆ ಮನೆಯವರಿಗೆ ಅವನ ಮುಖ ನೋಡಿದರೆ ಏನನ್ನಿಸೀತೋ, ನನ್ನನ್ನು ನೋಡಿದರೆ ಖಾಯಂ ಉಪನ್ಯಾಸಕರಿಗೆ ಅದೇ ಅನ್ನಿಸುತ್ತದೆ. ಪ್ರತಿವರ್ಷ ಹೊಸದಾಗಿ ಅರ್ಜಿ, ಅದೇ ಅಂಕಪಟ್ಟಿಗಳ ಜೆರಾಕ್ಸು, ಬೇಸಿಗೆಯಲ್ಲಿ ಕೆಲಸವಿಲ್ಲ. ಆದರೂ ನಾನು ತುಂಬಿದ ಮೊದಲ ವಿವರ ನನ್ನದೇ. ಅದರಲ್ಲಿ "ಸಹಾಯಕ ಪ್ರಾಧ್ಯಾಪಕಿ" ಎಂದು ಬರೆದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ವಾಟ್ಸಾಪ್ ಗುಂಪಿನಲ್ಲಿ ಕೇಳಿದ ಕೂಡಲೇ ಉತ್ತರಗಳು ಬರತೊಡಗಿದವು. ಓದುವಾಗ ಕಪ್ಪೆ ಕೊಯ್ಯಲು ಅಂಜುತ್ತಿದ್ದವನು ಗೋವಾದಲ್ಲಿ ಮೀನು ರಫ್ತು ಮಾಡುವ ಕಂಪನಿಯೊಂದರ ಮ್ಯಾನೇಜರ್. ಚಿನ್ನದ ಪದಕ ತೆಗೆದುಕೊಂಡವಳು "ಗೃಹಿಣಿ, ಸುಖವಾಗಿದ್ದೇನೆ" ಎಂದು ಬರೆದು ಹತ್ತು ನಿಮಿಷಕ್ಕೆ "ಸುಖವಾಗಿದ್ದೇನೆ" ಎಂಬುದನ್ನು ಅಳಿಸಿದಳು. ಒಬ್ಬ ವಿಮೆ ಮಾರುತ್ತಾನಂತೆ. ವಿವರದ ಜೊತೆ ನನಗೂ ಒಂದು ಪಾಲಿಸಿಯ ಫಾರ್ಮು ಕಳಿಸಿದ. ರಾತ್ರಿ ಅಡುಗೆ ಮುಗಿಸಿ ಕೂತು ಇವನ್ನೆಲ್ಲ ಒಂದೊಂದಾಗಿ ಟೈಪು ಮಾಡುವಾಗ ನನಗೆ ಬೇಜಾರಿಗಿಂತ ಸುಸ್ತು ಹೆಚ್ಚಾಗುತ್ತಿತ್ತು. ಎಲ್ಲರೂ ಎಲ್ಲಿಗೋ ಹೋಗಿ ಮುಟ್ಟಿದ್ದಾರೆ, ಯಾರೂ ಮುಟ್ಟಬೇಕೆಂದು ಹೊರಟ ಜಾಗಕ್ಕೆ ಹೋಗಿಲ್ಲ.

ಹದಿಮೂರು ಹೆಸರು ತುಂಬಿದವು. ಹದಿನಾಲ್ಕನೆಯದು ಅವಳದು, ನನ್ನ ಗೆಳತಿಯದು.

ಅವಳನ್ನು ಹುಡುಕುವ ಕಷ್ಟ ನನಗಿರಲಿಲ್ಲ. ನನ್ನ ಮನೆ ಅಂಕೋಲೆಯ ಕೇಣಿಯಲ್ಲಿ. ಅಲ್ಲಿಂದ ಅಂಕೋಲೆ ಪೇಟೆಗೆ ಬಂದು ಕಾರವಾರದ ಬಸ್ಸು ಹಿಡಿದರೆ ಅವರ್ಸಾ, ಹಾರವಾಡ, ಅಮದಳ್ಳಿ ದಾಟಿ ತೋಡೂರಿನಲ್ಲಿ ಅವಳು ಹತ್ತುತ್ತಾಳೆ. ಅವಳ ಮನೆಯವರ ಗದ್ದೆ ನೌಕಾನೆಲೆಯ ದೊಡ್ಡ ಯೋಜನೆಗೆ ಹೋಯಿತು. ಜಮೀನು ಬಿಟ್ಟುಕೊಟ್ಟ ಮನೆಗೊಂದು ನೌಕರಿ ಎಂಬ ಮಾತು ಎಷ್ಟೋ ವರ್ಷ ಕಾಗದದಲ್ಲೇ ಇದ್ದು, ಕೊನೆಗೆ ಅವಳ ಪಾಲಿಗೆ ಬಂದದ್ದು ಕಾರವಾರದ ಒಂದು ಕಚೇರಿಯ ಅಟೆಂಡರ್ ಕೆಲಸ. ಹತ್ತನೇ ತರಗತಿ ಪಾಸಾಗಿರಬೇಕು, ಅದಕ್ಕಿಂತ ಹೆಚ್ಚು ಓದಿರಬಾರದು ಎಂಬುದು ಆ ಕೆಲಸದ ಷರತ್ತು. ಹೆಚ್ಚು ಓದಿದ್ದು ಮುಚ್ಚಿಟ್ಟದ್ದು ಗೊತ್ತಾದರೆ ಯಾವತ್ತಿದ್ದರೂ ಮನೆಗೆ. ಅವಳು ಹತ್ತನೆಯ ಅಂಕಪಟ್ಟಿ ಮಾತ್ರ ಲಗತ್ತಿಸಿ, ಉಳಿದ ಏಳು ವರ್ಷದ ಓದನ್ನು ಟ್ರಂಕಿನಲ್ಲಿಟ್ಟು ಕೆಲಸಕ್ಕೆ ಸೇರಿದ್ದಳು. ಮದುವೆಯಾಗಲಿಲ್ಲ, ಅದರ ಕಾರಣ ಬೇರೆ, ಬರೆಯುವುದಿದ್ದರೆ ಅವಳೇ ಬರೆಯಬೇಕು. ತಾಯಿ, ಮಗಳು ಇಬ್ಬರೇ ನಿರಾಶ್ರಿತರ ಕಾಲೊನಿಯ ಮನೆಯಲ್ಲಿದ್ದಾರೆ.

ಬಸ್ಸಿನಲ್ಲಿ ಅವಳ ಕಚೇರಿಯವರೂ ಇರುತ್ತಾರೆ. ಹಾಗಾಗಿ ಅವಳು ನನ್ನನ್ನು "ಮೇಡಂ" ಎನ್ನುತ್ತಾಳೆ, ನಾನು ಅವಳಿಗೆ ಊರಿನ ಪರಿಚಯದವಳ ಹಾಗೆ "ಮಳೆ ಹೆಂಗೆ ನಿಮ್ಮಲ್ಲಿ?" ಎಂದು ಕೇಳುತ್ತೇನೆ. ಆಧಾರ್ ಕಾರ್ಡು ತೋರಿಸಿ ಇಬ್ಬರೂ ಪುಕ್ಕಟೆ ಟಿಕೆಟ್ ತೆಗೆದುಕೊಂಡು ಕೂರುತ್ತೇವೆ. ಒಮ್ಮೆ ಅವಳ ಸಾಹೇಬರು ಇಂಗ್ಲಿಷಿನ ಪತ್ರವೊಂದನ್ನು ಅವಳ ಕೈಗೆ ಕೊಟ್ಟು, "ಇದರಲ್ಲಿ ಏನಿದೆ ಅಂತ ನಿನಗೇನು ತಿಳೀಬೇಕು, ಒಯ್ದು ಕೊಡು ಸಾಕು" ಎಂದರಂತೆ. ಪತ್ರದಲ್ಲಿ ಮೂರು ತಪ್ಪಿದ್ದವು ಎಂದು ಹೇಳಿ ಅವಳು ನಕ್ಕಳು. ನನಗೆ ನಗು ಬರಲಿಲ್ಲ, ಸಾಹೇಬನ ಮೇಲೆ ಸಿಟ್ಟು ಬಂತು. ಅವಳ ಕೆಲಸವಾದರೋ ನನ್ನದಕ್ಕಿಂತ ಭದ್ರ. ಪ್ರೊಬೇಷನ್ ಮುಗಿಯುತ್ತ ಬಂದಿತ್ತು, ಎರಡು ತಿಂಗಳಲ್ಲಿ ಖಾಯಂ ಆದೇಶ ಬರುವುದಿತ್ತು.

ಪುಸ್ತಕದ ವಿಷಯ ಹೇಳಿದಾಗ ಅವಳು ಕಾರವಾರದ ಬಸ್ ಸ್ಟ್ಯಾಂಡಿನ ಕಂಬದ ಹಿಂದೆ ನನ್ನನ್ನು ಎಳೆದುಕೊಂಡು ಹೋದಳು.

"ನನ್ ಹೆಸ್ರು ಬೇಡ ಮಾರಾಯ್ತಿ. ಸಿಕ್ಕೂದಿಲ್ಲ ಅಂತ ಬರ್ದ್ಬಿಡು."

"ಆ ಪುಸ್ತಕ ಯಾರ್ ಓದ್ತಾರೆ?"

"ಯಾರೂ ಓದುದಿಲ್ಲ. ಆದ್ರೂ ಬೇಡ."

ಇಷ್ಟು ಸ್ಪಷ್ಟವಾಗಿ ಹೇಳಿದ್ದಳು. ಅಲ್ಲಿಗೇ ಬಿಟ್ಟಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಬೇಲಿಯ ಮೇಲೆ ಹೋಗುವ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡವಳು ನಾನು. ಬಿಟ್ಟದ್ದು ನನ್ನ ಮೈಮೇಲಾಗಿದ್ದರೆ ಚಿಂತೆಯಿರಲಿಲ್ಲ, ಅವಳ ಮೈಮೇಲೆ ಬಿಟ್ಟೆ.

ಒಂದು ಭಾನುವಾರ ತೋಡೂರಿಗೆ ಹೋಗಿದ್ದೆ. ಅವಳು ರೇಶನ್ ತರಲು ಹೋಗಿದ್ದಳು, ಮನೆಯಲ್ಲಿ ಆಯಿ ಒಬ್ಬರೇ. ಅವಳ ತಾಯಿಯನ್ನು ನಾನೂ ಆಯಿ ಎಂದೇ ಕರೆಯುವುದು. ಮಳೆಗಾಲದಲ್ಲಿ ಕಂಡವರ ಗದ್ದೆಯಲ್ಲಿ ನಟ್ಟಿ ಮಾಡಿ, ಬೇಸಿಗೆಯಲ್ಲಿ ಒಣಮೀನಿನ ಬುಟ್ಟಿ ತಲೆ ಮೇಲೆ ಹೊತ್ತು ಮನೆಮನೆ ತಿರುಗಿ ಮಗಳನ್ನು ಓದಿಸಿದ ಹೆಂಗಸು. ಮಗಳು ದೇವಬಾಗದ ಮರಳುದಿಬ್ಬದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ, ಆ ಚಿಪ್ಪುಗಳ ಉದ್ದ ಅಗಲ ಅಳೆದು ಪ್ರಬಂಧ ಬರೆಯುತ್ತಿದ್ದಾಗ, "ಬಳಚು ಹೆಕ್ಕೂಕೆ ಘಟ್ಟದ ಮೇಲೆ ಹೋಗಿ ಕಲೀಬೇಕಾಯ್ತೇ?" ಎಂದು ಚೇಷ್ಟೆ ಮಾಡುತ್ತಿದ್ದರು. ಆದರೆ ನೆಂಟರ ಮನೆಯ ಊಟದ ಪಂಕ್ತಿಯಲ್ಲಿ ಅದನ್ನೇ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದರು. ಮಗಳು ನೌಕರಿಗೆ ಸೇರಿದ ಮೇಲೆ ಆ ಮಾತು ನಿಂತಿತ್ತು.

ನಾನು ಬಾಯಿ ತಡೆಯದೆ ಪುಸ್ತಕದ ಸಂಗತಿಯನ್ನೂ ಅವಳು ಬೇಡವೆಂದದ್ದನ್ನೂ ಹೇಳಿದೆ. ಆಯಿ ಕೈಯಲ್ಲಿದ್ದ ಮೊರ ಕೆಳಗಿಟ್ಟರು.

"ಎಲ್ಲಾರ ಹೆಸ್ರೂ ಬತ್ತದೆ?"

"ಹೌದು ಆಯಿ. ಹದಿನಾಲ್ಕು ಮಂದಿ."

"ಮತ್ತೆ ಇದ್ರದ್ದು ಎಂತಕ್ಕೆ ಇಲ್ಲ? ಬರಿ ತಂಗಿ. ಪುಸ್ತಕದಾಗೆ ಒಂದ್ ಸಲ ಹೆಸ್ರು ಬರ್ಲಿ. ನಂಗೆ ಓದೂಕೆ ಬರೂದಿಲ್ಲ, ಪಟ ನೋಡ್ತೆ."

ಒಳಗೆ ಹೋಗಿ ಟ್ರಂಕಿನಿಂದ ಒಂದು ಫೋಟೋ ತಂದುಕೊಟ್ಟರು. ಘಟಿಕೋತ್ಸವದ ಕರಿ ನಿಲುವಂಗಿ ತೊಟ್ಟು, ದಪ್ಪ ಕನ್ನಡಕ ಹಾಕಿಕೊಂಡು ನಿಂತ ತೆಳ್ಳನೆಯ ಹುಡುಗಿ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದುಕೊಂಡೆ. ಅತ್ತ ಮುಖ್ಯಸ್ಥರಿಂದಲೂ ದಿನಕ್ಕೊಂದು ಮೆಸೇಜು ಬರುತ್ತಿತ್ತು, ಒಂದು ಸಾಲು ಖಾಲಿಯಿದ್ದರೆ ತಂಡದವರಿಗೆ ಚೆನ್ನಾಗಿ ಕಾಣುವುದಿಲ್ಲವೆಂದು. ಆಯಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಅನ್ನಿಸುತ್ತದೆ, ಅದು ಪೂರ್ತಿ ನಿಜವಲ್ಲ. ಹದಿನಾಲ್ಕು ಸಾಲೂ ತುಂಬಿಸಿ ಕೊಟ್ಟವಳು ಎಂಬ ಒಂದು ಹೊಗಳಿಕೆ ನನಗೂ ಬೇಕಾಗಿತ್ತು. ಹದಿನಾರು ವರ್ಷದಲ್ಲಿ ನನ್ನನ್ನು ಯಾರೂ ಯಾವುದಕ್ಕೂ ಹೊಗಳಿರಲಿಲ್ಲ. ಹೆಸರು, ಊರು, ಫೋಟೋ ಹಾಕಿ, ಉದ್ಯೋಗದ ಜಾಗದಲ್ಲಿ "ಸರ್ಕಾರಿ ನೌಕರಿ, ಕಾರವಾರ" ಎಂದು ಬರೆದೆ. ಅಟೆಂಡರ್ ಎಂದು ಬರೆಯದೆ ಅವಳ ಮರ್ಯಾದೆ ಉಳಿಸಿದೆ ಎಂದುಕೊಂಡಿದ್ದೆ, ಪೆದ್ದಿ.

ಪುಸ್ತಕ ಅಚ್ಚಾಯಿತು. ಒಂದು ಪ್ರತಿಯನ್ನು ಗುಟ್ಟಾಗಿ ಆಯಿಗೆ ಕೊಟ್ಟೆ. ಆದರೆ ವಿಭಾಗದವರು ಅದನ್ನು ಇಂಟರ್‌ನೆಟ್ಟಿಗೂ ಹಾಕಿದ್ದರು. ಅವಳ ಕಚೇರಿಯ ಗುಮಾಸ್ತರೊಬ್ಬರ ಮಗಳು ಅದೇ ವಿಭಾಗದಲ್ಲಿ ಓದುತ್ತಿದ್ದಳು. "ಪಪ್ಪಾ, ನಿಮ್ಮ ಕಾರವಾರದವರೂ ಇದ್ದಾರೆ ನೋಡಿ" ಎಂದು ಆ ಹುಡುಗಿ ಅಪ್ಪನಿಗೆ ಕಳಿಸಿದಳಂತೆ. ಹುಡುಗಿಯದೇನೂ ತಪ್ಪಿಲ್ಲ. ಗುಮಾಸ್ತರು ಹೆಸರು ನೋಡಿದರು, ಊರು ನೋಡಿದರು, ಸಾಹೇಬರ ಟೇಬಲ್ಲಿಗೆ ಒಯ್ದರು. ಒಂದು ವಾರದೊಳಗೆ ಲಿಖಿತ ವಿವರಣೆ ಕೊಡಬೇಕೆಂದು ಅವಳಿಗೆ ನೋಟಿಸು ಬಂತು. ಮನೆಗೂ ಬಂದು ವಿಚಾರಣೆ ಮಾಡುತ್ತೇವೆ ಎಂದಿತ್ತು ಅದರಲ್ಲಿ.

ಕೆಲಸ ಉಳಿಯಿತು, ಓದುವವರು ಗಾಬರಿಯಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಅವಳು ಈಗ ಖಾಯಂ ಆಗಿದ್ದಾಳೆ. ಈ ಸಲ ಅವಳನ್ನು ಕೇಳಿಯೇ, ಗುರುತು ಸಿಗದ ಹಾಗೆ ಊರು, ಕಚೇರಿ ಬದಲಿಸಿ ಬರೆದಿದ್ದೇನೆ.

ನೋಟಿಸು ಬಂದ ದಿನ ಮಾತ್ರ ಅವಳು ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು.

"ಬೇಡ ಅಂದಿದ್ನಲ್ಲೇ ನಾನು."

"ಆಯಿ ಕೇಳಿದ್ರು…"

"ಆಯಿ ಕೇಳ್ತದೆ. ಆಯಿಗೆ ಎಂತ ಗೊತ್ತು? ನಿಂಗೆ ಗೊತ್ತಿತ್ತಲ್ಲ."

ಇಬ್ಬರೂ ಬಿಸಿಲಲ್ಲೇ ನಿಂತಿದ್ದೆವು. ಪಾರಾಗುವ ದಾರಿಯನ್ನೂ ಅವಳೇ ಹೇಳಿದಳು. ನಮ್ಮ ಕಡೆ ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ವಾಡಿಕೆ. ಅವಳ ಅಜ್ಜಿಗೆ ಮೂವರು ಗಂಡುಮಕ್ಕಳು, ಮೂವರೂ ತಮ್ಮ ಹಿರಿ ಮಗಳಿಗೆ ಅದೇ ಹೆಸರಿಟ್ಟಿದ್ದರು. ಒಂದೇ ಕಾಲೊನಿಯಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಮೂವರು. ಕರೆಯುವಾಗ ದೊಡ್ಡದು, ನಡೂದು, ಸಣ್ಣದು ಎಂದು ಕರೆಯುತ್ತಿದ್ದರು, ಇವಳು ದೊಡ್ಡದು. ನಡೂದು ಮದುವೆಯಾಗಿ ಗೋವಾ ಸೇರಿ, ಮನೆಯವರೊಡನೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಓದಿದ್ದು ಅವಳು ಎಂದರಾಯಿತು. ಫೋಟೋದ ಹುಡುಗಿಗೂ ಈಗ ಮೈದುಂಬಿ, ಕನ್ನಡಕ ಬಿಟ್ಟ ಇವಳಿಗೂ ಹೋಲಿಕೆ ಕಡಿಮೆ. ಆದರೆ ಬರೀ ಇವಳ ಮಾತು ಸಾಲದು. ಪಟ್ಟಿ ಮಾಡಿದವಳೇ ಬರೆದುಕೊಡಬೇಕು.

ಬರೆದುಕೊಟ್ಟೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು, ಬಿಳಿ ಹಾಳೆಯ ಮೇಲೆ: ಪುಸ್ತಕದಲ್ಲಿರುವುದು ಇವರ ಚಿಕ್ಕಪ್ಪನ ಮಗಳು, ಉದ್ಯೋಗದ ವಿವರ ನನ್ನಿಂದ ತಪ್ಪಾಗಿ ನಮೂದಾಗಿದೆ, ತಮ್ಮ ಕಚೇರಿಯ ನೌಕರರು ನನ್ನ ಸಹಪಾಠಿಯಲ್ಲ, ಇವರನ್ನು ನಾನು ಬಸ್ಸಿನಲ್ಲಿ ನೋಡಿ ಮಾತ್ರ ಬಲ್ಲೆ. ಎರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿ, ನನ್ನ ಜ್ವರಕ್ಕೆ ಗಂಜಿ ಕಾಯಿಸಿ ಕೊಟ್ಟವಳ ಬಗ್ಗೆ ಹೀಗೆ ಬರೆದು ಸಹಿ ಹಾಕುವಾಗ ನನಗೆ ಹೇಸಿಗೆಯಾಯಿತು. ಮುಖ್ಯಸ್ಥರಿಗೆ ಫೋನು ಮಾಡಿ ಇಂಟರ್‌ನೆಟ್ಟಿನಿಂದ ಆ ಪುಟ ತೆಗೆಸಿದೆ. ಅವರು ಗೊಣಗಿ, ಅವಳ ಹೆಸರಿನ ಮುಂದೆ "ಮಾಹಿತಿ ಲಭ್ಯವಿಲ್ಲ" ಎಂದು ಹಾಕಿಸಿದರು.

ಮನೆಯ ವಿಚಾರಣೆಗೆ ಶುಕ್ರವಾರ ಬರುತ್ತಾರೆಂದು ತಿಳಿಯಿತು. ಟ್ರಂಕಿನಲ್ಲಿರುವುದನ್ನೆಲ್ಲ ಕೇಣಿಯ ನನ್ನ ಮನೆಗೆ ಒಯ್ದು ಇಟ್ಟುಕೊಳ್ಳಲು ಅವಳು ಹೇಳಿದಳು. ಬುಧವಾರ ಸಂಜೆ ಕಾಲೇಜು ಬಿಟ್ಟು ತೋಡೂರಿನಲ್ಲಿ ಇಳಿದೆ. ಅವಳಿನ್ನೂ ಬಂದಿರಲಿಲ್ಲ. ಆಯಿ ಎಲ್ಲವನ್ನೂ ತೆಗೆದು ಚಾಪೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಪಿ.ಯು.ಸಿ., ಬಿ.ಎಸ್ಸಿ., ಎಂ.ಎಸ್ಸಿ. ಅಂಕಪಟ್ಟಿಗಳು, ಬಳಚಿನ ಪ್ರಬಂಧ, ನಿಲುವಂಗಿಯ ಫೋಟೋ, ನಾನೇ ಕೊಟ್ಟಿದ್ದ ಪುಸ್ತಕ. ತಮ್ಮ ಹಳೆಯ ಸೀರೆಯ ತುಂಡಿನಲ್ಲಿ ಅವನ್ನೆಲ್ಲ ಸುತ್ತಿ, ಎರಡು ಗಂಟು ಹಾಕಿ ನನ್ನ ಕೈಗೆ ಕೊಟ್ಟರು.

"ನನ್ ಸಲುವಾಗೇ ಆಯ್ತಲ್ಲ ತಂಗಿ ಇದೆಲ್ಲ."

"ನಿಮ್ಮಿಂದಲ್ಲ ಆಯಿ, ನನ್ನಿಂದ."

ಅದು ಅವರ ತಲೆಗೆ ಹೋದ ಹಾಗೆ ಕಾಣಲಿಲ್ಲ. ಚಾ ಮಾಡಿ ತಂದರು. ತಾವು ಕುಡಿಯಲಿಲ್ಲ.

"ಅವ್ರು ಬಂದು ನನ್ನ ಕೇಳಿದ್ರೆ ಎಂತ ಹೇಳೂದು?"

"ಹತ್ತನೇ ತರಗತಿ ಅಂತ ಹೇಳಿ. ಅಷ್ಟೇ ಸಾಕು."

ಆಯಿ ಎದ್ದು ಕೂದಲು ಸರಿಮಾಡಿಕೊಂಡು, ಸೆರಗು ಹೊದ್ದು, ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬ ಹಾಗೆ ಅತ್ತ ತಿರುಗಿದರು.

"ನನ್ ಮಗ್ಳು ಹತ್ತನೆತ್ತಿ ಕಲ್ತದೆ. ಮುಂದೆ ಕಲ್ಸೂಕೆ ನನ್ ಕೈಲಾಗ್ಲಿಲ್ಲ" ಎಂದರು.

ಕೊನೆಯ ಮಾತಿಗೆ ದನಿ ಬಿದ್ದುಹೋಯಿತು. ಹೀಗಾದರೆ ನಂಬುವುದಿಲ್ಲ ಎಂದು ಅವರಿಗೇ ಅನ್ನಿಸಿರಬೇಕು. ಗಂಟಲು ಸರಿಮಾಡಿಕೊಂಡು ಮೊದಲಿನಿಂದ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದರು.