ಹದಿನಾಲ್ಕು ಗುಳಿಗೆ

ದೋರನಹಳ್ಳಿಯ ಓಣಿಯಲ್ಲಿ ಮಲ್ಲಿಕಮ್ಮನ ಬಗ್ಗೆ ಒಂದು ಮಾತಿತ್ತು: "ಆಕಿ ಹೆಣ್ಣಲ್ಲ, ಮರಳುಗಾಡಿನ ಒಂಟಿ. ಮುಂಜಾನೆ ಒಂದು ಚರಿಗಿ ಕುಡದ್ರ ದೀಪ ಹಚ್ಚೂತನ ನೀರಿನ ಹೆಸರಿಲ್ಲ." ಹೊಗಳಿಕೆಯೆಂದೇ ಹೇಳುತ್ತಿದ್ದರು. ಎಲೆ ಉದುರಿದ ಹತ್ತಿಹೊಲದಲ್ಲಿ ಹೆಂಗಸು ಮೂತ್ರಕ್ಕೆ ಕೂತರೆ ಮರೆಯೆಲ್ಲಿ? ಬದುವಿನ ಮೇಲೆ ಟ್ರ್ಯಾಕ್ಟರಿನ ಗಂಡಸರು. ಕುಡಿಯದಿದ್ದರೆ ಕೂಡುವ ಚಿಂತೆಯೇ ಇಲ್ಲ.

ಉರಿ ಶುರುವಾಗಿ ಮೂರು ವರ್ಷವಾಗಿತ್ತು. ಈ ಸಲ ಮೂತ್ರದಲ್ಲಿ ರಕ್ತ ಕಂಡಾಗ ಗಂಡ ಅಮರಪ್ಪ ಶಹಾಪುರಕ್ಕೆ ಕರೆದೊಯ್ದ. ಅಲ್ಲೊಂದು ಆಸ್ಪತ್ರೆಯಲ್ಲಿ ಮೂತ್ರದ ಸೋಂಕಿಗೆ ಹೊಸ ಗುಳಿಗೆಯ ಪರೀಕ್ಷೆ ನಡೆದಿತ್ತು. ನರ್ಸ್ ನುಜ್ಹತ ಕಾಗದ ಓದಿ ಹೇಳಿದಳು:

"ನಿಮಗ ಬಂದದ್ದು ಹೊಸಾ ಗುಳಿಗಿನೋ ಹಳೇದೋ ನನಗೂ ಗೊತ್ತಿರಂಗಿಲ್ರಿ. ಮುಂಜಾನೆ ಒಂದು, ಸಂಜಿಗೊಂದು, ಏಳು ದಿನ. ಕಮ್ಮಿ ಆತಂತ ನಡುವ ಬಿಡಬ್ಯಾಡ್ರಿ. ಗುಳಿಗಿ ಮುಗಿದ ಖಾಲಿ ಪಟ್ಟಿ ತಿರುಗಿ ತರ್ರಿ."

ಮಲ್ಲಿಕಮ್ಮ ಹೆಬ್ಬೆಟ್ಟು ಒತ್ತಿದಳು.

ಮರುದಿನ ಹೊಲದಲ್ಲಿ ಬುತ್ತಿ ಬಿಚ್ಚುವಾಗ ಸೆರಗಿನ ಗಂಟಿನಿಂದ ಪಟ್ಟಿ ಜಾರಿ ಬಿತ್ತು.

"ಏನವಾ ಅದು, ಒಬ್ಬಾಕೀನ ತಿನ್ನಾಕತ್ತಿ?" ಎಂದಳು ಜೊತೆಗೆ ಹತ್ತಿ ಬಿಡಿಸುವ ಮೂವರಲ್ಲೊಬ್ಬಳಾದ ಸುಂದ್ರಮ್ಮ.

"ಉರಿ ಗುಳಿಗಿ."

"ಉರಿ ನಿನಗೊಬ್ಬಾಕಿಗೇ ಐತೇನು? ನಾವೇನು ಬರ್ಫ್ ಇಟ್ಕೊಂಡು ಕುಂತೀವಿ?"

ಎಲ್ಲರೂ ನಕ್ಕರು. ಆ ಗುಂಪಿನಲ್ಲಿ ಒಂದು ರೀತಿಯಿತ್ತು: ಉಡಿಯಲ್ಲಿ ತಂದದ್ದು, ಹುರಿದ ಮೆಣಸಿನಕಾಯಿಯೇ ಆಗಲಿ, ಸುತ್ತ ಹಂಚದೆ ಬಾಯಿಗೆ ಹೋಗಬಾರದು. ಹತ್ತಿ ಬಿಡಿಸುವಾಗ ಹಂಚದವಳ ಸಾಲು ಹಿಂದೆ ಬಿದ್ದರೆ ನೆರವಿಗೆ ಯಾರೂ ಕೈಹಾಕುವುದಿಲ್ಲ. ಮಲ್ಲಿಕಮ್ಮ ಮೂವರಿಗೂ ಒಂದೊಂದು ಕೊಟ್ಟಳು. ಮರುದಿನವೂ ಕೇಳಿದರು, ಕೊಟ್ಟಳು. ಮೂರನೇ ದಿನವೂ ಹಂಚಿದ ಮೇಲೆ ಪಟ್ಟಿ ಬರಿದು. ಅವಳ ಹೊಟ್ಟೆಗೆ ಹೋದದ್ದು ಐದು.

ಹತ್ತನೇ ದಿನ ಆಸ್ಪತ್ರೆಯಲ್ಲಿ ನುಜ್ಹತ ಮೂತ್ರದ ಶೀಶೆ ಇಸಿದುಕೊಂಡು, ಖಾಲಿ ಪಟ್ಟಿ ನೋಡಿ ಕೇಳಿದಳು: "ಎಲ್ಲಾ ನೀವೇ ನುಂಗೀರಲ್ರಿ?"

"ಹೌದ್ರಿ."

ನಿಜ ಹೇಳಿದರೆ ಆ ಮೂವರ ಉರಿಯ ಸುದ್ದಿ ಕಟ್ಟೆಯ ಗಂಡಸರ ಬಾಯಿಗೆ ಬೀಳುತ್ತಿತ್ತು.

ಎರಡು ದಿನ ಬಿಟ್ಟು ನುಜ್ಹತಳ ಫೋನ್ ಬಂತು. "ಸೋಂಕು ಹಂಗೇ ಐತ್ರಿ. ಬ್ಯಾರೆ ಔಷಧ ಕೊಡಬೇಕು, ಇವತ್ತೇ ಬರ್ರಿ." ಹೊಲದ ತುಂಬ ಹತ್ತಿ ಬಿರಿದು ನಿಂತಿತ್ತು. ಮಲ್ಲಿಕಮ್ಮ ನಾಳೆ ಎಂದಳು. ಮರುದಿನವೂ ನಾಳೆ ಎಂದಳು. ಐದನೇ ದಿನ ಪಕ್ಕೆ ಹಿಡಿದು, ಚಳಿಜ್ವರ ಏರಿ, ಮಲಗಿಬಿಟ್ಟಳು. ನುಜ್ಹತ ತಾನೇ ಮನೆಗೆ ಬಂದಳು.

"ಸಿಸ್ಟರ್, ನಾ ಐದ ನುಂಗೀನ್ರಿ. ಉಳಿದದ್ದು ಹಂಚೀನಿ," ಎಂದಳು ಮಲ್ಲಿಕಮ್ಮ, ಯಾರದೋ ಊರಿನ ಸುದ್ದಿ ಹೇಳುವವಳಂತೆ.

ಅಮರಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ನುಜ್ಹತ ಬೈಯಲಿಲ್ಲ.

"ಯಾರಿಗೆ ಕೊಟ್ರಿ? ಅವರನ್ನೂ ನೋಡಬೇಕು."

"ಸುಂದ್ರಮ್ಮನ್ನ ಕೇಳ್ರಿ. ಹೇಳಿದ್ರ ಆಕೀನ ಹೇಳ್ಲಿ."

ನುಜ್ಹತ ಕಾಗದದಲ್ಲಿ ಹದಿನಾಲ್ಕು ಹೊಡೆದುಹಾಕಿ ಐದು ಎಂದು ಬರೆದಳು. ಸೋಂಕು ಮೂತ್ರಪಿಂಡಕ್ಕೆ ಏರಿದೆ, ಕಲಬುರಗಿಗೇ ಹೋಗಬೇಕು ಎಂದು ಆಂಬುಲೆನ್ಸ್ ಕರೆಸಿದಳು.

ಕಲಬುರಗಿಯಲ್ಲಿ ಮಲ್ಲಿಕಮ್ಮ ಒಂಬತ್ತು ದಿನ ಜೀವ ಹಿಡಿದಿದ್ದಳು, ಆಮೇಲೆ ಇರಲಿಲ್ಲ. ಅದು ನಂತರದ ಮಾತು. ಅವತ್ತು ಗಾಡಿ ಓಣಿಯೊಳಗೆ ಹಿಡಿಸಲಿಲ್ಲ.

"ಎತ್ಕೊಂಡು ಹೋಗ್ಲೇನು?" ಎಂದ ಅಮರಪ್ಪ.

"ಬ್ಯಾಡ. ನಡೀತೀನಿ."

ಮೈಯಲ್ಲಿ ಉರಿಯೂ ಇರಲಿಲ್ಲ, ಚಳಿಯೂ ಇರಲಿಲ್ಲ; ಕಾಲು ಬೇರೆಯವರದೆನಿಸುತ್ತಿತ್ತು. ಓಣಿಯ ಹೆಂಗಸರೆಲ್ಲ ಹೊಲಕ್ಕೆ ಹೋಗಿದ್ದರು. ನುಜ್ಹತಳ ಹೆಗಲು ಹಿಡಿದು ಹೊಸ್ತಿಲು ಇಳಿದಳು, ಸೆರಗು ತಲೆಗೆ ಎಳೆದುಕೊಂಡು ಗಾಡಿಯತ್ತ ನಡೆದಳು.