ಅಕ್ಕಯಮ್ಮನ ಗೌರಿ ಹೂವಿನ ಗೆಡ್ಡೆ

ಸುಗಟೂರಿನ ಅಕ್ಕಯಮ್ಮನ ಹಿತ್ತಿಲಲ್ಲಿ ಒಂದು ದೊಡ್ಡ ಹೊಂಗೆ ಮರವಿದೆ. ಅದರ ನೆರಳಲ್ಲಿ ಟೊಮೇಟೊ ಬರುವುದಿಲ್ಲ, ಹಿಪ್ಪುನೇರಳೆಯೂ ಏಳುವುದಿಲ್ಲ. ಆದ್ದರಿಂದ ಗಂಡ ಸೊಣ್ಣಪ್ಪ ಬಹಳ ಧಾರಾಳವಾಗಿ ಆ ಜಾಗವನ್ನು ಅವಳಿಗೆ ಬಿಟ್ಟುಕೊಟ್ಟಿದ್ದ. ಅವಳು ಬೆಟ್ಟದ ಪೊದೆಗಳಡಿಯಿಂದ ಗೌರಿ ಹೂವಿನ ಗೆಡ್ಡೆ ತಂದು ಅಲ್ಲಿ ನೆಟ್ಟಳು. ಬೇಸಿಗೆಯಲ್ಲಿ ಬಳ್ಳಿ ಒಣಗಿ ಕಾಣೆಯಾಗುತ್ತಿತ್ತು. ಮಳೆ ಬಿದ್ದರೆ ಎದ್ದು, ಗೌರಿ ಹಬ್ಬದ ಹೊತ್ತಿಗೆ ಬೆಂಕಿಯ ನಾಲಿಗೆಯಂಥ ಹೂ ಬಿಡುತ್ತಿತ್ತು.

ಹೂ ಎಷ್ಟು ಚೆಂದವೋ ಗೆಡ್ಡೆ ಅಷ್ಟೇ ನಂಜು. ಅಕ್ಕಯಮ್ಮ ಸುತ್ತ ಒಣಮುಳ್ಳು ಹಾಕಿ ಹಸುಗಳನ್ನು ದೂರ ಇಟ್ಟಿದ್ದಳು. ಅಗೆಯುವಾಗ, ಹಸು ನೋಡುವ ಡಾಕ್ಟರ ಹತ್ತಿರ ಕೇಳಿ ತಂದ, ತೋಳಿನವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ತೊಡುತ್ತಿದ್ದಳು. 'ಯಾವ ಹಸು ಹಿಡ್ಕೊಳ್ಲಿ ಡಾಕ್ಟ್ರೇ?' ಎಂದು ಸೊಣ್ಣಪ್ಪ ಕೆಣಕುತ್ತಿದ್ದ. ಅವಳು ಎಚ್ಚರಿಕೆ ಹೇಳಿದಾಗಲೆಲ್ಲ 'ಏಂ ಕಾದುಲೇ', ಏನೂ ಆಗಲ್ಲ ಬಿಡು, ಎಂದು ತೆಲುಗಿನಲ್ಲಿ ತಳ್ಳಿಹಾಕುತ್ತಿದ್ದ. ಭೂಮಿಯೊಳಗೆ ಬೆಳೆಯುವುದೆಲ್ಲ ತನಗೆ ಗೊತ್ತು ಎಂಬುದು ಅವನ ಹೆಮ್ಮೆ.

ಕಳೆದ ಫೆಬ್ರವರಿಯಲ್ಲಿ ಅವಳು ಎರಡು ದಿನ ಮಾಲೂರಿನ ಮಗಳ ಮನೆಗೆ ಹೋದಳು. ನೀರು ಕಾಯಿಸಲು ಸೊಣ್ಣಪ್ಪ ಆ ಒಣಮುಳ್ಳನ್ನೇ ಎಳೆದು ಒಲೆಗಿಟ್ಟ. ಬಳ್ಳಿಯ ಗುರುತೂ ಇರದೆ ಬರಿದಾದ ನೆಲವನ್ನು ಸುಮ್ಮನೆ ಕೆದಕಿದರೆ ಗೆಡ್ಡೆಗಳು ಸಿಕ್ಕವು. ಅವಳ ಎಚ್ಚರಿಕೆಯ ಮಾತು ಅವನ ತಲೆಯಲ್ಲಿ ನಿಂತೇ ಇರಲಿಲ್ಲ. ಹೆಂಡತಿ ತನಗೆ ತಿಳಿಯದಂತೆ ಗೆಣಸು ಬೆಳೆದಿದ್ದಾಳೆ ಎಂದುಕೊಂಡು ಖುಷಿಯಾಗಿ ಹೆಚ್ಚಿ, ಬೇಳೆ ಹಾಕಿ ಸಾರು ಮಾಡಿದ. ಆದರೆ ನಲವತ್ತು ವರ್ಷದಲ್ಲಿ ಒಮ್ಮೆಯೂ ಮುದ್ದೆ ತೊಳಸಿದವನಲ್ಲ. ಹಿಟ್ಟೆಲ್ಲ ಗಂಟುಗಂಟಾಯಿತು. ಕೇಳೋಣವೆಂದು ಫೋನ್ ಮಾಡಿದ.

ಅವಳು ನೀರಿನ ಅಳತೆ ಹೇಳಿ, ಸಾರೇನು ಎಂದು ಕೇಳಿದಳು.

'ನೀನು ಮರದಡಿ ಬಚ್ಚಿಟ್ಟಿದ್ಯಲ್ಲ, ಆ ಗೆಣಸಿಂದು.'

ಅಕ್ಕಯಮ್ಮ ಕೂಗಿದಳು. 'ಬಾಯಿಗಿಟ್ರಾ?'

'ಉಪ್ಪು ನೋಡ್ದೆ, ಅಷ್ಟೆ. ಯಾಕೆ?'

ಕೈ ಬಾಯಿ ತೊಳೆದು ಜಗಲಿಯಲ್ಲಿ ಕೂರುವಂತೆ ಅವನಿಗೆ ಹೇಳಿ, ಅವಳು ಪಕ್ಕದ ಮನೆಯ ಮುನಿರಾಮಪ್ಪನಿಗೆ ಫೋನ್ ಮಾಡಿದಳು. ಅವನು ಸೊಣ್ಣಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕೋಲಾರದ ಆಸ್ಪತ್ರೆಗೆ ಓಡಿದ. ಗಿಡ ಯಾವುದೆಂದು ಅಕ್ಕಯಮ್ಮ ಫೋನಿನಲ್ಲೇ ಡಾಕ್ಟರಿಗೆ ಸರಿಯಾಗಿ ಹೇಳಿದಳು. ಎರಡು ಸಲ ವಾಂತಿಯಾಗಿ ಸೊಣ್ಣಪ್ಪ ಸುಸ್ತಾದ. ಅವಳು ಬಸ್ಸಿಳಿದು ಬಂದಾಗ ಗ್ಲೂಕೋಸ್ ಹಾಕಿಸಿಕೊಂಡು ಮಗುವಿನಂತೆ ಮಲಗಿದ್ದ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೊಂದೂ ಅವಳಿಗೆ ನೆನಪಾಗಲಿಲ್ಲ. ತಟ್ಟೆ ತುಂಬ ಉಂಡಿದ್ದರೆ ಕಷ್ಟವಿತ್ತು, ಬದುಕಿಸಿದ್ದು ಆಗದ ಮುದ್ದೆಯೇ ಎಂದು ಡಾಕ್ಟರು ಹೇಳಿದಾಗ ಮಾತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟಳು.

ಮೂರನೆಯ ದಿನ ಮನೆಗೆ ಬಂದು, ಸಾರನ್ನು ಪಾತ್ರೆ ಸಮೇತ ಆಳದ ಗುಂಡಿಯಲ್ಲಿ ಹೂತಳು. ಬಳ್ಳಿಯನ್ನೇ ಕಿತ್ತುಹಾಕು ಎಂದವರಿಗೆ, ಹೂವಿನದೇನು ತಪ್ಪು ಎಂದು ಕೇಳಿದಳು. ಉಳಿದ ಗೆಡ್ಡೆಗಳನ್ನು ಮತ್ತೆ ನೆಟ್ಟು, ಸುತ್ತ ಕಲ್ಲುಕಂಬ ಹೂಳಿ ತಂತಿ ಬಿಗಿಸಿದಳು. ತಂತಿ ಎಳೆದವನು ಸೊಣ್ಣಪ್ಪನೇ.

ಈ ಸಲದ ಹಬ್ಬಕ್ಕೆ ಹೂ ಕೇಳಲು ಬಂದ ಹೆಂಗಸರನ್ನು ಅವನು ಹಿತ್ತಿಲ ಬಾಗಿಲಲ್ಲೇ ನಿಲ್ಲಿಸಿದ. ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು, ಗೆಡ್ಡೆಯ ತಂಟೆಗಂತೂ ಹೋಗಲೇಬಾರದು ಎಂದು ಅರ್ಧ ಗಂಟೆ ಪಾಠ ಹೇಳಿದ. ಅಕ್ಕಯಮ್ಮ ಒಳಗಿನಿಂದ ಕೇಳಿಸಿಕೊಂಡಳು. ಒಂದೂ ತಪ್ಪಿರಲಿಲ್ಲ.